ರಕ್ತ ಪರೀಕ್ಷೆ ನೆಗೆಟಿವ್ ಬಂದರೆ ಮೆದುಳಿನಲ್ಲಿ ಲಾಡಿಹುಳು ಇಲ್ಲ ಅಂತಾನಾ?

ವಿರಾಜಪೇಟೆಯಿಂದ ಕೇಳಿದ್ದೀರಿ: ತಮ್ಮನಿಗೆ ಫಿಟ್ಸ್ ಬಂತು, ಸ್ಕ್ಯಾನ್‌ನಲ್ಲಿ ಒಂದೇ ಒಂದು ಚಿಕ್ಕ ಗಂಟು ಕಂಡಿತು, ಡಾಕ್ಟರು ಲಾಡಿಹುಳುವಿನ ಮರಿ ಇರಬಹುದು ಅಂದರು. ರಕ್ತ ಪರೀಕ್ಷೆ ಮಾತ್ರ ನೆಗೆಟಿವ್. ಹಾಗಾದರೆ ಹುಳು ಅಲ್ವಾ? ಪಂದಿ ಕರಿ (ಹಂದಿಮಾಂಸದ ಸಾರು) ಬಿಡಬೇಕಾ?

ನಾನು ಗೋಣಿಕೊಪ್ಪದವಳು, ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಆ ನೆಗೆಟಿವ್ ರಿಪೋರ್ಟ್ ನಂಬಿ ಸುಮ್ನೆ ಕೂರಬೇಡಿ.

ಈ ಪರೀಕ್ಷೆ ಹುಳುವನ್ನೇ ಹುಡುಕುವುದಿಲ್ಲ. ಹುಳುವಿನ ಪ್ರೋಟೀನ್‌ಗಳ ವಿರುದ್ಧ ನಮ್ಮ ದೇಹ ಮಾಡುವ ಆಂಟಿಬಾಡಿಗಳನ್ನು ಹುಡುಕುತ್ತದೆ. ಹಳೆಯ ಎಲೈಸಾ ಪರೀಕ್ಷೆಯಲ್ಲಿ ಹುಳುವಿನ ಎಲ್ಲ ಪ್ರೋಟೀನ್‌ಗಳೂ ಬೆರೆತಿರುತ್ತಿದ್ದವು. ಬೇರೆ ಹುಳು ಇದ್ದವರಿಗೂ ಪಾಸಿಟಿವ್ ಬರುತ್ತಿತ್ತು. 1989ರಲ್ಲಿ ಅಮೆರಿಕದ ವಿಕ್ಟರ್ ಸ್ಯಾಂಗ್ ಮತ್ತು ಜೊತೆಗಾರರು ಇದಕ್ಕೆ ದಾರಿ ಕಂಡರು. ಮಸೂರ್ ಬೇಳೆಯಿಂದ ತೆಗೆದ ಲೆಕ್ಟಿನ್ ಎಂಬ ಪ್ರೋಟೀನ್, ಸಕ್ಕರೆ ಅಂಟಿದ ಪ್ರೋಟೀನ್‌ಗಳನ್ನು ಹಿಡಿದುಕೊಳ್ಳುತ್ತದೆ. ಹಾಗೆ ಆರಿಸಿದ ಪ್ರೋಟೀನ್‌ಗಳು ಪಟ್ಟಿಯ ಮೇಲೆ 7 ಗೆರೆಗಳಾಗಿ ಕಾಣುತ್ತವೆ. ರೋಗಿಯ ಆಂಟಿಬಾಡಿ ಅಂಟಿಕೊಂಡು ಅದರಲ್ಲಿ ಒಂದು ಗೆರೆ ಮೂಡಿದರೂ ಪಾಸಿಟಿವ್. ಇದೇ ಇಐಟಿಬಿ ಪರೀಕ್ಷೆ. ಬೇಳೆ ಕಾಳಿನಿಂದ ಇಂಥ ಕೆಲಸ ಆಗುತ್ತದೆ ಅಂದರೆ ನನಗೆ ಈಗಲೂ ಬೆರಗು.

ಎರಡು ಅಥವಾ ಹೆಚ್ಚು ಜೀವಂತ ಗಂಟು ಇದ್ದರೆ ಇದು ತಪ್ಪುವುದು ಅಪರೂಪ. ಒಂದೇ ಗಂಟಿದ್ದರೆ, ಅದೂ ಒಣಗುತ್ತಿದ್ದರೆ, ಆಂಟಿಬಾಡಿ ತೀರಾ ಕಡಿಮೆ ಇರಬಹುದು. ಆಗ ಹುಳು ಇದ್ದೂ ನೆಗೆಟಿವ್ ಬರುತ್ತದೆ. ನಮ್ಮ ದೇಶದಲ್ಲಿ ಒಂಟಿ ಗಂಟಿನವರೇ ಜಾಸ್ತಿ. ನಿಮ್ಮ ತಮ್ಮನದೂ ಅದೇ ಅಲ್ವಾ? ಟಿಬಿ ಗಂಟೂ ಹೀಗೇ ಕಾಣಬಹುದು. ಆದ್ದರಿಂದ ಸ್ಕ್ಯಾನ್ ಹಿಡಿದು ನರರೋಗ ತಜ್ಞರ ಹತ್ತಿರವೇ ಹೋಗಿ. ಮೆಡಿಕಲ್ ಶಾಪ್‌ನಿಂದ ಅಲ್ಬೆಂಡಜೋಲ್ ತಂದು ನುಂಗಿಸಬೇಡಿ. ಹುಳು ಸಾಯುವಾಗ ಸುತ್ತ ಬಾವು ಬಂದು ಫಿಟ್ಸ್ ಹೆಚ್ಚಬಹುದು, ಅದಕ್ಕೇ ಡಾಕ್ಟರು ಜೊತೆಗೆ ಸ್ಟಿರಾಯ್ಡ್ ಕೊಡುತ್ತಾರೆ. ಫಿಟ್ಸ್ ಮಾತ್ರೆಯನ್ನಂತೂ ತಪ್ಪಿಸಬಾರದು.

ಪಂದಿ ಕರಿ ಬಿಡಬೇಕಿಲ್ಲ. ಅರೆಬೆಂದ ಹಂದಿಮಾಂಸದಿಂದ ಬರುವುದು ಕರುಳಿನ ಲಾಡಿಹುಳು. ಮೆದುಳಿಗೆ ಹೋಗುವ ಮರಿ ಬರುವುದು ಆ ಹುಳುವಿನ ಮೊಟ್ಟೆಯಿಂದ. ಕರುಳಲ್ಲಿ ಹುಳು ಇರುವವರ ಮಲದಿಂದ ಕೈ, ನೀರು, ಸೊಪ್ಪಿನ ಮೂಲಕ ಅದು ಬಾಯಿ ಸೇರುತ್ತದೆ. ಮಾಂಸ ಮುಟ್ಟದವರಿಗೂ ಬರುತ್ತದೆ. ಮಾಂಸದ ವಿಷಯದಲ್ಲಿ ಕಾಚಂಪುಳಿಯ (ನಮ್ಮ ಕೊಡಗಿನ ಕಪ್ಪು ಹುಳಿರಸ) ಹುಳಿಯನ್ನು ನಂಬಬೇಡಿ, ಒಳಗಿನವರೆಗೂ ಬೇಯಿಸಿ.

ಇನ್ನೊಂದು ಮಾತು. ಆ ಮೊಟ್ಟೆ ಮನೆಯೊಳಗಿನವರಿಂದಲೇ ಬಂದಿರಬಹುದು. ಅಡುಗೆ ಮಾಡುವವರನ್ನೂ ಸೇರಿಸಿ ಎಲ್ಲರ ಮಲ ಪರೀಕ್ಷೆ ಮಾಡಿಸಿ. ಒಂದು ಸಲ ನೋಡಿದರೆ ಮೊಟ್ಟೆ ಕಾಣದೆಯೂ ಹೋಗಬಹುದು, ಬೇರೆ ಬೇರೆ ದಿನ ಕೊಡಿ.