ಉಂಡವರ ಋಣ, ಬಡಿಸಿದವರ ಹಕ್ಕು

ಈ ಸಲದ ಅಂಚೆಯಲ್ಲಿ ಬಂದ ಒಂದು ಪತ್ರವನ್ನು ಮೂರು ದಿನ ಮೇಜಿನ ಮೇಲೇ ಇಟ್ಟುಕೊಂಡಿದ್ದೆ. ಬರೆದವರು ಬೆಳಗಾವಿ ಜಿಲ್ಲೆಯ ಒಬ್ಬ ನಿವೃತ್ತ ಹವಾಲ್ದಾರರು. ಹೆಸರು, ಊರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಪತ್ರದ ಮುಖ್ಯ ಭಾಗ ಹೀಗಿದೆ:

“ಮಾನ್ಯ ಸಂಪಾದಕರಿಗೆ ನಮಸ್ಕಾರ. ನಾನು 17 ವರ್ಷ ಪಲ್ಟನ್ನಿನಲ್ಲಿ ಬರೀ ಕುಕ್ ಆಗಿದ್ದವನು. 1999ರ ಕಾರ್ಗಿಲ್ ಯುದ್ಧದಲ್ಲಿ ದ್ರಾಸ್‌ನಲ್ಲಿ ನಮ್ಮ ಲಂಗರ್, ಅಂದರೆ ಪಲ್ಟನ್ನಿನ ಅಡುಗೆಮನೆ, ಇತ್ತು. ರಾತ್ರಿಯೆಲ್ಲ ಪೂರಿ ಕರಿದು, ಬೆಲ್ಲದ ಜೊತೆ ಪೊಟ್ಟಣ ಕಟ್ಟಿ ಮೇಲೆ ಕಳಿಸುತ್ತಿದ್ದೆವು. ಈಗ ನಮ್ಮ ತಾಲ್ಲೂಕಿನ ಮಾಜಿ ಸೈನಿಕರ ಸಂಘದ ಸದಸ್ಯ. ಪ್ರತಿ ವರ್ಷ ಜುಲೈ 26ರಂದು ಕಾರ್ಗಿಲ್ ವಿಜಯ ದಿವಸ ಮಾಡುತ್ತೇವೆ. ಗುಡ್ಡ ಹತ್ತಿದವರು ವೇದಿಕೆಯ ಮೇಲೆ ಕೂರುತ್ತಾರೆ, ಅದು ಸರಿಯೇ. ನನಗೆ ಮಾತ್ರ, ‘ನಿಮಗ ಅಡಗಿ ಕೆಲಸ ರೂಢಿ ಐತಲ್ಲ, ನೀವ ನೋಡ್ಕೋರಿ’ ಎಂದು ಒಲೆಯ ಕಡೆ ಕಳಿಸುತ್ತಾರೆ. ಆರು ವರ್ಷದಿಂದ ಕಾರ್ಯಕ್ರಮ ನೋಡಿಲ್ಲ, ಧ್ವನಿವರ್ಧಕದಲ್ಲಿ ಕೇಳಿದ್ದೇನೆ. ಹೇಳಬೇಕೆಂದರೆ ಬಾಯಿ ಬರುವುದಿಲ್ಲ. ನನ್ನ ಮಗಳ ಆಪರೇಷನ್ ಆದಾಗ ಸಂಘದ ನಾಲ್ವರು ರಕ್ತ ಕೊಟ್ಟರು, ಒಬ್ಬರು ಎರಡು ರಾತ್ರಿ ಆಸ್ಪತ್ರೆಯ ಬಾಗಿಲಲ್ಲೇ ಮಲಗಿದ್ದರು. ಅಂಥವರ ಮುಂದೆ ನನ್ನದೊಂದು ದೂರು ಇಡುವುದು ಕೃತಘ್ನತೆ ಆಗುವುದಿಲ್ಲವೇ? ನಾನು ಈ ಸಂಘದವನೋ, ಸಂಘದ ಹಂಗಿನವನೋ, ತಿಳಿಸಿ.”

ಹವಾಲ್ದಾರರೇ, ಮೊದಲು ನಿಮ್ಮ ಜೊತೆ ಒಂದು ಜಗಳ. ಪತ್ರದ ಎರಡನೆಯ ಸಾಲಿನಲ್ಲೇ “ಬರೀ ಕುಕ್” ಎಂದು ಬರೆದಿದ್ದೀರಿ. ಆ “ಬರೀ” ಎಂಬ ಮಾತನ್ನು ನಿಮಗೆ ಯಾರೂ ಅಂಟಿಸಲಿಲ್ಲ, ನೀವೇ ಅಂಟಿಸಿಕೊಂಡಿರಿ. ಸಂಘದವರನ್ನು ಕೇಳುವ ಮೊದಲು ಅದನ್ನು ಅಳಿಸಿ.

ಸಂಘದವರ ಪರವಾಗಿಯೂ ಒಂದು ಮಾತು ಹೇಳಲೇಬೇಕು. ಗುಂಡಿನ ಎದುರು ಗುಡ್ಡ ಹತ್ತಿದವರನ್ನು ಎತ್ತರದಲ್ಲಿ ಕೂರಿಸುವುದರಲ್ಲಿ ತಪ್ಪಿಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್ ಹಿಮದಡಿ ಆರು ದಿನ ಹುದುಗಿದ್ದು, ಜೀವಂತ ಸಿಕ್ಕು, ಕೊನೆಗೆ ನಮ್ಮನ್ನಗಲಿದ ಹನುಮಂತಪ್ಪ ಕೊಪ್ಪದ ಅವರನ್ನು ಕುಂದಗೋಳ ತಾಲ್ಲೂಕಿನ ಬೆಟದೂರಿನಲ್ಲಿ ಮಣ್ಣು ಮಾಡಿದ ದಿನ ಸೇರಿದ ಜನವನ್ನು ನೆನೆದರೆ, ವೀರರನ್ನು ನೋಡುವ ಹಂಬಲ ಊರಿಗೆ ಎಷ್ಟಿದೆಯೆಂದು ತಿಳಿಯುತ್ತದೆ. ನಿಮ್ಮ ಅಧ್ಯಕ್ಷರಿಗೂ ಯಾವ ಕೆಟ್ಟ ಉದ್ದೇಶ ಇರಲಾರದು. ಅಡುಗೆ ಬಲ್ಲವರು ಅಡುಗೆ ನೋಡಿಕೊಳ್ಳಲಿ ಎಂದುಕೊಂಡಿರಬೇಕು, ಅಷ್ಟೇ.

ಆದರೆ ಅದೇ ಅಧ್ಯಕ್ಷರು ಸೇನೆಯಲ್ಲಿ ಪಲ್ಟನ್ನೆಲ್ಲ ಒಟ್ಟಿಗೆ ಕೂತು ಉಣ್ಣುವ ಬಡಾಖಾನಾ ಉಂಡವರಲ್ಲವೇ? ಆ ದಿನ ಪಲ್ಟನ್ನಿನ ಅಧಿಕಾರಿಗಳೇ ಸೌಟು ಹಿಡಿದು ಜವಾನರಿಗೆ ಬಡಿಸುತ್ತಾರೆ. ಕರ್ನಲ್ಲರ ಕೈಯಿಂದ ಪೂರಿ ಹಾಕಿಸಿಕೊಂಡ ನೆನಪನ್ನು ಮುದುಕರಾದ ಮೇಲೂ ಹೇಳಿಕೊಳ್ಳುವ ಸಿಪಾಯಿಗಳನ್ನು ನಾನು ಕಂಡಿದ್ದೇನೆ. ಸೌಟು ಹಿಡಿಯುವುದು ಕೀಳು ಕೆಲಸವೆಂದು ಸೇನೆ ಯಾರಿಗೂ ಕಲಿಸಲಿಲ್ಲ. ಅದು ಕೈಯಿಂದ ಕೈಗೆ ಹೋಗಬೇಕಾದ ಸೌಟು. ನಿಮ್ಮ ಸಂಘದಲ್ಲಿ ಆರು ವರ್ಷದಿಂದ ಒಂದೇ ಕೈಯಲ್ಲಿ ಉಳಿದುಬಿಟ್ಟಿದೆ. ನನ್ನ ತಕರಾರು ಇಷ್ಟೇ.

ಹಳಗನ್ನಡದಲ್ಲಿ ‘ಜೋಳವಾಳಿ’ ಎಂಬ ಮಾತಿದೆ. ಒಡೆಯನ ಜೋಳ ಉಂಡವನು ರಣದಲ್ಲಿ ತೀರಿಸಬೇಕಾದ ಋಣ ಅದು. ಕಾವ್ಯದಲ್ಲಿಯೂ ಶಾಸನದಲ್ಲಿಯೂ ವೀರನ ಬಾಯಲ್ಲಿ ಅದು ಬಂದಾಗಲೆಲ್ಲ ನನಗೆ ಒಂದು ಪ್ರಶ್ನೆ ಏಳುತ್ತದೆ: ಆ ಜೋಳವನ್ನು ಬೀಸಿದವರು ಯಾರು, ರೊಟ್ಟಿ ತಟ್ಟಿದವರು ಯಾರು? ಋಣವೆಲ್ಲ ಒಡೆಯನ ಲೆಕ್ಕಕ್ಕೆ ಹೋಯಿತು, ಒಲೆಯ ಮುಂದೆ ಕೂತವರ ಲೆಕ್ಕಕ್ಕೆ ಏನೂ ಬರಲಿಲ್ಲ. ಅಂಥ ಅನ್ನವೇ ಯೋಧನನ್ನು ರಣಕ್ಕೆ ಕಟ್ಟಿಹಾಕುವಷ್ಟು ದೊಡ್ಡದಾದರೆ, ದ್ರಾಸ್‌ನಲ್ಲಿ ನೀವು ಕರಿದ ಪೂರಿಯ ಋಣ ಯಾರ ಮೇಲಿದೆ? ವೇದಿಕೆಯ ಮೇಲೆ ಕೂತವರ ಮೇಲೆಯೇ ಇದೆ. ನೀವು ಲೆಕ್ಕವನ್ನು ತಿರುಗಾಮುರುಗಾ ಓದುತ್ತಿದ್ದೀರಿ.

ಹಳೆಯದನ್ನು ಕೆದಕುತ್ತಿದ್ದೇನೆ ಎನ್ನಬೇಡಿ, ಇನ್ನೊಂದನ್ನು ಹೇಳಿಯೇ ಮುಂದೆ ಹೋಗುತ್ತೇನೆ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಈಗ ಬೆಂಗಳೂರಿನ ವಸ್ತುಸಂಗ್ರಹಾಲಯದಲ್ಲಿದೆ. ಸುಮಾರು ಕ್ರಿ.ಶ. 950ರದ್ದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿ ಕೊಂದ ದೊಡ್ಡ ಯುದ್ಧದ ಸುದ್ದಿ ಅದರಲ್ಲಿದೆ. ಆ ಯುದ್ಧದಲ್ಲಿ ಮೆರೆದ ಮಣಲೇರನಿಗೆ ‘ಬೇಡಿಕೋ’ ಎಂದಾಗ ಅವನು ಊರನ್ನಾಗಲಿ ಹೊನ್ನನ್ನಾಗಲಿ ಮೊದಲು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಮುಂದೆ ಆ ನಾಯಿ ಹಂದಿಯ ಮೇಲೆ ಬಿದ್ದು ಅದನ್ನು ಕೊಂದು ತಾನೂ ಸತ್ತಿತು. ಮಣಲೇರ ಅದಕ್ಕೆ ಕಲ್ಲು ನಿಲ್ಲಿಸಿದ, ಭೂಮಿ ಬಿಡಿಸಿದ, ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಗೊರವ, ಅಂದರೆ ಶಿವಗುಡಿಯ ಪೂಜಾರಿ, ಉಣ್ಣಬಾರದೆಂದು ಬರೆಸಿದ. ಚೋಳ ರಾಜಕುಮಾರನ ಸಾವೂ ಒಂದು ನಾಯಿಯ ಸಾವೂ ಒಂದೇ ಬಂಡೆಯ ಮೇಲೆ! ಸಾವಿರ ವರ್ಷದ ಹಿಂದಿನ ಕನ್ನಡ ಯೋಧನಿಗೆ ಜೊತೆಗಿದ್ದ ನಾಯಿಯನ್ನು ನೆನೆಯುವಷ್ಟು ಮನಸ್ಸಿತ್ತು. ನಮಗೆ ಜೊತೆಗಿದ್ದ ಮನುಷ್ಯನನ್ನು ನೆನೆಯಲು ಆಗುತ್ತಿಲ್ಲವೆಂದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಒಂದು ಕಾಲಕ್ಕೆ ಸೇನೆಯ ಕಾಗದಪತ್ರಗಳಲ್ಲೇ ಅಡುಗೆಯವರು, ಅಗಸರು, ಕ್ಷೌರಿಕರು ‘ಯುದ್ಧ ಮಾಡದವರು’ ಎಂಬ ಬೇರೆ ಪಟ್ಟಿಯಲ್ಲಿದ್ದರು. ಪಟ್ಟಿ ಹೋದರೂ ಅದರ ವಾಸನೆ ಸಂಘಗಳಲ್ಲಿ ಉಳಿದಿದೆ. ಎತ್ತರದ ಠಾಣ್ಯದ ಅಡುಗೆಯೆಂದರೆ ಏನೆಂದು ಊರಲ್ಲಿ ಕೂತವರಿಗೆ ಗೊತ್ತಿಲ್ಲ. 18,000 ಅಡಿಯ ಮೇಲೆ ನೀರು 82 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಕುದಿಯುತ್ತದೆ, ಬೇಯಿಸುವುದಿಲ್ಲ. ಕುಕ್ಕರ್ ಇಲ್ಲದಿದ್ದರೆ ಅಕ್ಕಿ ಅಕ್ಕಿಯಾಗಿಯೇ ಇರುತ್ತದೆ, ಬೇಳೆಯ ಮಾತೇ ಬೇಡ. ಬಂಕರಿನೊಳಗೆ ಸೀಮೆಎಣ್ಣೆ ಒಲೆಯ ಹೊಗೆ ಕುಡಿಯುತ್ತ ಅಲ್ಲಿ ಅನ್ನ ಮಾಡುವವನ ಎದೆಗೂಡನ್ನು ಯಾರಾದರೂ ನೋಡಿದ್ದಾರೆಯೇ?

ಈಗ ನಮ್ಮ ಮನೆಯ ಕಥೆ. ನಮ್ಮ ಕಾಕಾ ಸೇನೆಯಲ್ಲಿದ್ದು ಪಿಂಚಣಿ ಮೇಲೆ ಊರಿಗೆ ಬಂದವರು. ಅವರು ತೀರಿಕೊಂಡಾಗ ಚಿಗವ್ವನಿಗೆ ಕುಟುಂಬ ಪಿಂಚಣಿ ಬರಬೇಕಿತ್ತು. ಬರಲಿಲ್ಲ. ನಮ್ಮ ಕಡೆ ಮದುವೆಯ ದಿನ ಗಂಡನ ಮನೆಯವರು ಸೊಸೆಗೆ ಹೊಸ ಹೆಸರಿಡುವ ರೂಢಿ ಇತ್ತಲ್ಲ. ಕಾಕಾನ ಡಿಸ್ಚಾರ್ಜ್ ಪುಸ್ತಕದಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು. ಹದಿನಾಲ್ಕು ತಿಂಗಳು ಚಿಗವ್ವ ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದಳು. ಒಂದು ಕಡೆ ಅವಳನ್ನು, “ನೀ ಅವರ ಹೆಂಡತಿ ಅನ್ನೋದಕ್ಕ ಏನ್ ಪುರಾವೆ?” ಎಂದು ಕೇಳಿದರಂತೆ. ಆ ರಾತ್ರಿ ಅವಳು ಉಣ್ಣಲಿಲ್ಲ.

ಕೊನೆಗೆ ಕೈಹಿಡಿದವರು ಅಲ್ಲಿನ ಮಾಜಿ ಸೈನಿಕರ ಸಂಘದ ಒಬ್ಬ ಹಿರಿಯರು, ಸೇನೆಯಲ್ಲಿ ಗುಮಾಸ್ತರಾಗಿದ್ದವರು. ಅಫಿಡವಿಟ್ ಮಾಡಿಸಿ, ದಾಖಲೆ ಕಚೇರಿಗೆ ಬರೆದು, ಉತ್ತರ ಬಾರದಿದ್ದರೆ ಮತ್ತೆ ಬರೆದು, ಕೊನೆಗೆ ಹೆಸರು ತಿದ್ದಿಸಿದರು. ಮೊದಲ ಪಿಂಚಣಿ ಬಂದ ದಿನ ಚಿಗವ್ವ ಒಂದು ಸೇರು ಪೇಢೆ ಒಯ್ದು ಕೊಟ್ಟರೆ ಅವರು ಎರಡನ್ನು ತೆಗೆದುಕೊಂಡು ಉಳಿದದ್ದನ್ನು ಅಲ್ಲಿ ಸರದಿಯಲ್ಲಿ ಕೂತಿದ್ದ ಬೇರೆ ವಿಧವೆಯರಿಗೆ ಹಂಚಿಬಿಟ್ಟರು. ಆ ಸಂಘದ ವಾರ್ಷಿಕೋತ್ಸವಕ್ಕೆ ನಾನು ಹೋಗಿದ್ದೆ. ವೇದಿಕೆಯ ಮೇಲೆ 23 ಜನ. ಆ ಹಿರಿಯರು ಹಿಂದಿನ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಮಡಿಲಲ್ಲಿ ಫೈಲು. ಅಲ್ಲಿಯೂ ಯಾರದೋ ಜೀವಿತ ಪ್ರಮಾಣಪತ್ರ ತುಂಬುತ್ತಿದ್ದರು.

ಸನ್ಮಾನವೆಂಬುದು ನಮ್ಮ ನಾಡಿಗೆ ಹತ್ತಿದ ಗೀಳಾಗಿದೆ. ಶಾಲು, ಪೇಟ, ಹಣ್ಣಿನ ಬುಟ್ಟಿ, ನೆನಪಿನ ಕಾಣಿಕೆ. ಹೊದಿಸುವವರ ಮುಖ ಕ್ಯಾಮೆರಾದ ಕಡೆ. ಯಾರಿಗೆ ಹೊದಿಸಬೇಕು ಎನ್ನುವುದಕ್ಕಿಂತ ಯಾರ ಕೈಯಿಂದ ಹೊದಿಸಬೇಕು ಎಂಬುದಕ್ಕೇ ಸಮಿತಿಯಲ್ಲಿ ಹೆಚ್ಚು ಚರ್ಚೆ. ಸೈನಿಕರ ನೆರವಿಗೆ ಹಣ ಕೂಡಿಸುವ ಡಿಸೆಂಬರ್ 7ರ ಧ್ವಜ ದಿನ 1949ರಿಂದ ನಡೆದು ಬಂದಿದೆ. ನಾವು ಶಾಲೆಯಲ್ಲಿದ್ದಾಗ ನಾಲ್ಕಾಣೆ ಕೊಟ್ಟು ಅಂಗಿಗೆ ಪುಟ್ಟ ಧ್ವಜ ಚುಚ್ಚಿಕೊಳ್ಳುತ್ತಿದ್ದೆವು. ಈಗಿನ ಮಕ್ಕಳಿಗೆ ಆ ದಿನವೇ ಗೊತ್ತಿಲ್ಲ. ನಲವತ್ತು ತುಂಬುವ ಮೊದಲೇ ಮನೆಗೆ ಕಳಿಸಿದ ಜವಾನನನ್ನು ಎಟಿಎಂ ಬಾಗಿಲಲ್ಲಿ, ಅಪಾರ್ಟ್‌ಮೆಂಟಿನ ಗೇಟಿನಲ್ಲಿ ನಿಲ್ಲಿಸಿ ಕಾರುಗಳಿಗೆ ಸೆಲ್ಯೂಟ್ ಹೊಡೆಸುತ್ತೇವೆ. ಅದೇ ಜನ ಜುಲೈ 26ಕ್ಕೆ ವೀರಯೋಧರೆಂದು ಭಾಷಣ ಮಾಡುತ್ತಾರೆ. ಹೊರಗಿನವರಿಂದ ಇಷ್ಟೇ ಸಿಗುವುದು, ಆಗಲಿ. ಆದರೆ ಸಂಘದೊಳಗೂ ಅದೇ ಆದರೆ ಮಾಜಿ ಸೈನಿಕ ಇನ್ನೆಲ್ಲಿಗೆ ಹೋಗಬೇಕು?

ಸೇನೆಯ ಮುಖ್ಯಸ್ಥರಾಗಿದ್ದ ನಮ್ಮ ಕೊಡಗಿನ ಕಾರ್ಯಪ್ಪನವರು 1953ರಲ್ಲಿ ನಿವೃತ್ತರಾದ ಮೇಲೆ ಸುಮ್ಮನೆ ಕೂರಲಿಲ್ಲ. ಮಾಜಿ ಸೈನಿಕರನ್ನು ಒಂದೇ ಸೂರಿನಡಿ ತರಲು 1964ರಲ್ಲಿ ರಾಷ್ಟ್ರಮಟ್ಟದ ಒಕ್ಕೂಟವನ್ನೇ ಕಟ್ಟಿದರು. ಮರುವರ್ಷ ವಾಯುಪಡೆಯಲ್ಲಿದ್ದ ಅವರ ಮಗ ಪಾಕಿಸ್ತಾನದ ಸೆರೆಯಾದಾಗ ಅಲ್ಲಿನ ಅಧ್ಯಕ್ಷ ಅಯೂಬ್ ಖಾನರು ವಿಶೇಷ ಮರ್ಯಾದೆ ಮಾಡಲು ಮುಂದಾದರೆ, ಅಲ್ಲಿರುವ ಸೆರೆಯಾಳುಗಳೆಲ್ಲ ನನ್ನ ಮಕ್ಕಳೇ, ಒಬ್ಬನಿಗೆ ಬೇರೆ ಮಾಡಬೇಡಿ ಎಂದರೆಂದು ಮಡಿಕೇರಿಯಲ್ಲಿ ಇಂದಿಗೂ ಹೇಳುತ್ತಾರೆ. ನಿಮ್ಮ ಸಂಘದ ಗೋಡೆಯ ಮೇಲೂ ಅವರ ಫೋಟೋ ಇದ್ದೇ ಇರುತ್ತದೆ, ಹವಾಲ್ದಾರರೇ. ಅದರ ಕೆಳಗೆ ನಿಂತೇ ನಿಮ್ಮ ಮಾತು ಹೇಳಬಹುದು.

ಇನ್ನು ರಕ್ತದ ವಿಷಯ. ಆ ನಾಲ್ವರು ರಕ್ತ ಕೊಟ್ಟಾಗ ನಿಮ್ಮಿಂದ ಚೀಟಿ ಬರೆಸಿಕೊಂಡಿದ್ದರೇ? ಬಾಗಿಲಲ್ಲಿ ಮಲಗಿದವರು ಇಂದಿಗೂ ಅದನ್ನು ಎತ್ತಿ ಆಡಿದ್ದಾರೆಯೇ? ಪತ್ರದಲ್ಲಿ ಅಂಥದ್ದೇನೂ ಇಲ್ಲ. ಅವರು ಕೊಟ್ಟದ್ದನ್ನು ಹಂಗು ಮಾಡಿಕೊಂಡವರು ನೀವು. ಸಾಲಗಾರ ಎದುರು ಬಂದವರನ್ನು ಕಂಡು ಓಣಿ ಬದಲಿಸುತ್ತಾನೆ. ನೀವು ಆರು ವರ್ಷದಿಂದ ಒಲೆಯ ಹಿಂದೆ ಮಾಡುತ್ತಿರುವುದೂ ಅದನ್ನೇ. ಅದರಿಂದ ಅವರಿಗೇ ಅನ್ಯಾಯ. ತಮ್ಮ ರಕ್ತ ನಿಮ್ಮ ಬಾಯಿ ಕಟ್ಟಿತೆಂದು ತಿಳಿದರೆ ಆ ನಾಲ್ವರಿಗೆ ಎಷ್ಟು ನೋವಾಗಬೇಡ? ಚಂದಾ ಕಟ್ಟುವ ಸದಸ್ಯ ಸಭೆಯಲ್ಲಿ ಎದ್ದು, “ಈ ಸಲ ಅಡಗಿ ಪಾಳಿ ಹಚ್ಚೋಣ್ರಿ, ನಾನೂ ಕಾರ್ಯಕ್ರಮ ನೋಡಬೇಕು” ಎಂದರೆ ಅದನ್ನು ಕೃತಘ್ನತೆ ಎನ್ನುವವರು ಯಾರೂ ಇರಲಾರರು. ಇದ್ದರೆ ನನಗೆ ಬರೆಯಿರಿ, ಅವರಿಗೂ ಇಷ್ಟೇ ಉದ್ದದ ಉತ್ತರ ಬರೆಯುತ್ತೇನೆ. ಸಂಘ ಬಿಡುವ ಯೋಚನೆ ಮಾತ್ರ ಬೇಡ. ಇಲ್ಲಿ ಅಚ್ಚು ಮಾಡದ ಭಾಗದಲ್ಲಿ ಅದರ ಸುಳಿವು ಕೊಟ್ಟಿದ್ದೀರಿ.

ಆ ಭಾಗದಲ್ಲೇ ಇನ್ನೊಂದು ಸಾಲಿತ್ತು. ನಿಮ್ಮನ್ನು ಕೇಳದೆ ಅದನ್ನು ಇಲ್ಲಿ ತರುತ್ತಿದ್ದೇನೆ, ಕ್ಷಮಿಸಿ. ಒಂದು ರಾತ್ರಿ ಇಂತಿಷ್ಟು ಪೊಟ್ಟಣವೆಂದು ಹೇಳಿದ್ದರಂತೆ. ಮರುರಾತ್ರಿ ಹನ್ನೊಂದು ಕಡಿಮೆ ಕಟ್ಟಿ ಎಂದರಂತೆ. “ಯಾಕೆಂದು ಕೇಳಲಿಲ್ಲ. ಹಿಟ್ಟು ಮಾತ್ರ ಮೊದಲಿನಷ್ಟೇ ನಾದಿದೆ” ಎಂದು ಬರೆದಿದ್ದೀರಿ. ಅದನ್ನು ಓದಿಯೇ ಮೂರು ದಿನ ನಿಮ್ಮ ಪತ್ರವನ್ನು ಮೇಜಿನ ಮೇಲಿಂದ ಎತ್ತಲು ನನಗೆ ಆಗಲಿಲ್ಲ. ಹೆಚ್ಚಾದ ಆ ಪೂರಿಗಳನ್ನು ಏನು ಮಾಡಿದಿರಿ ಎಂಬುದನ್ನು ನೀವು ಬರೆದಿಲ್ಲ. ಬರೆದು ಕಳಿಸಿ. ಬರುವ ಸಂಚಿಕೆಯಲ್ಲಿ ಎರಡು ಪುಟ ಖಾಲಿ ಇಟ್ಟಿರುತ್ತೇನೆ.