ಬಾರ್ಬೆರಾ ವೈನ್ ಇಷ್ಟು ಹುಳಿ ಯಾಕೆ? ಅದರ ಜೊತೆ ಏನು ತಿನ್ನಬೇಕು?

ಉಡುಗೊರೆಯಾಗಿ ಬಂದ ಬಾರ್ಬೆರಾ ದಾಸ್ತಿ ಬಾಟಲಿ ತೆರೆದೆ, ಒಂದು ಗ್ಲಾಸ್ ಕುಡಿದೆ, ಸಿಕ್ಕಾಪಟ್ಟೆ ಹುಳಿ, ಕೆಟ್ಟಿದೆಯಾ ಅಂತ ಕೇಳಿದ್ದೀರಿ. ವಿನೆಗರ್ ವಾಸನೆ ಹೊಡೆಯುತ್ತಿಲ್ಲ ಅಂದರೆ ಬಹುತೇಕ ಕೆಟ್ಟಿಲ್ಲ. ಬಾರ್ಬೆರಾ ಇರುವುದೇ ಹಾಗೆ.

ನಾನು ಇಟಲಿಯ ಟೂರಿನ್‌ಗೆ ಓದಲು ಬಂದ ಹೊಸದರಲ್ಲಿ ಇದೇ ತಪ್ಪು ಮಾಡಿದ್ದೆ. ಅಗ್ಗದ್ದೊಂದು ಬಾಟಲಿ ತಂದು, ರೂಮಿನಲ್ಲಿ ಒಬ್ಬನೇ ಕೂತು, ತಿನ್ನಲು ಏನೂ ಇಲ್ಲದೆ ಸುಮ್ನೆ ಕುಡಿದೆ. ಹುಳಿಗೆ ಮುಖ ಕಿವುಚಿತು. ಉಳಿದದ್ದು ಸಿಂಕ್ ಪಾಲು.

ಬಾರ್ಬೆರಾ ಅನ್ನುವುದು ದ್ರಾಕ್ಷಿಯ ಹೆಸರು. ಇಟಲಿಯ ವಾಯುವ್ಯದ ಪಿಯೆಮೊಂತೆಯಲ್ಲಿ, ಆಸ್ತಿ ಪಟ್ಟಣದ ಸುತ್ತಲಿನ ಗುಡ್ಡಗಳಲ್ಲಿ ಜಾಸ್ತಿ ಬೆಳೆಯುತ್ತಾರೆ, 'ದಾಸ್ತಿ' ಅಂದರೆ ಆಸ್ತಿಯದು ಅಂತ. ಚೆನ್ನಾಗಿ ಹಣ್ಣಾದ ಮೇಲೂ ಇದರ ಹುಳಿ ಇಳಿಯುವುದಿಲ್ಲ. ಆದರೆ ಒಗರು ಕಡಿಮೆ. ಅದೇ ಗುಡ್ಡಗಳ ಆಚೆಯ ಬರೋಲೋ ವೈನ್ ಕುಡಿದರೆ ಎಳೆ ಅಡಿಕೆ ಜಗಿದ ಹಾಗೆ ನಾಲಿಗೆ ಹಿಡಿದುಕೊಳ್ಳುತ್ತದೆ, ಬಾರ್ಬೆರಾದಲ್ಲಿ ಆ ಕಾಟ ಇಲ್ಲ. ಗಾಢ ಕೆಂಪು ಬಣ್ಣ, ಚೆರ್ರಿ ಮತ್ತು ಪ್ಲಮ್ ಹಣ್ಣಿನ ರುಚಿ, ಕೊನೆಗೆ ಬಾಯಲ್ಲಿ ನೀರೂರಿಸುವ ಹುಳಿ. ನಮ್ಮ ಕಡೆಯವರಿಗೆ ಹೇಳುವುದಾದರೆ ಪುನರ್ಪುಳಿಯ ನೆನಪಾಗುತ್ತದೆ. ಪುನರ್ಪುಳಿ ಸಾರನ್ನು ಬರೀ ಲೋಟದಲ್ಲಿ ಕುಡಿಯುವುದಕ್ಕೂ, ಅನ್ನಕ್ಕೆ ತುಪ್ಪ ಹಾಕಿ ಕಲಸಿ ಉಣ್ಣುವುದಕ್ಕೂ ಎಷ್ಟು ವ್ಯತ್ಯಾಸ, ಅಲ್ವಾ? ಇಲ್ಲೂ ಅಷ್ಟೇ. ಈ ಹುಳಿಗೆ ಜಿಡ್ಡು ಬೇಕು.

ಅದು ನನಗೆ ಗೊತ್ತಾಗಿದ್ದು ಮನೆ ಓನರ್ ಅಜ್ಜಿ ಒಂದು ನವೆಂಬರ್ ಸಂಜೆ ಬಾನ್ಯಾ ಕೌದಾ ಊಟಕ್ಕೆ ಕರೆದಾಗ. ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ ಮತ್ತು ಉಪ್ಪು ಹಾಕಿದ ಆಂಚೊವಿ ಮೀನನ್ನು ಸಣ್ಣ ಉರಿಯಲ್ಲಿ ಕರಗುವ ತನಕ ಬೇಯಿಸುತ್ತಾರೆ. ಬೆಳ್ಳುಳ್ಳಿ ಎಷ್ಟು ಅಂದರೆ, ತಲೆಗೊಂದು ಇಡೀ ಗಡ್ಡೆ! ಪ್ರತಿಯೊಬ್ಬರ ಮುಂದೆ ಫುಯೋತ್ ಎಂಬ ಪುಟ್ಟ ಮಣ್ಣಿನ ಪಾತ್ರೆ, ಆರದಿರಲಿ ಅಂತ ಅದರ ಹೊಟ್ಟೆಯೊಳಗೆ ಉರಿಯುವ ಮೇಣದ ಬತ್ತಿ. ದಪ್ಪಮೆಣಸು, ಎಲೆಕೋಸು, ಕಾರ್ದೋ ಎಂಬ ದಂಟು ಎಲ್ಲವನ್ನೂ ಅದರಲ್ಲಿ ಅದ್ದಿ ತಿನ್ನುವುದು. ನಾಲ್ಕು ತುತ್ತಿಗೆ ನಾಲಿಗೆಯ ಮೇಲೆ ಎಣ್ಣೆಯ ಪದರ ಕೂತಿತ್ತು. ಆಗ ಒಂದು ಗುಟುಕು ಬಾರ್ಬೆರಾ. ಬಾಯಿ ತೊಳೆದಿಟ್ಟ ಹಾಗಾಯಿತು, ಮತ್ತೆ ಹಸಿವು! (ಮಾರನೇ ದಿನ ಕ್ಲಾಸಿನಲ್ಲಿ ನನ್ನ ಪಕ್ಕ ಯಾರೂ ಕೂರಲಿಲ್ಲ, ಅದು ಬೇರೆ ಮಾತು.)

ಬೆಂಗಳೂರಿನಲ್ಲಿ ಬಾನ್ಯಾ ಕೌದಾ ಮಾಡಿ ಅಂತ ಹೇಳುವುದಿಲ್ಲ. ಮಾಂಸ ತಿನ್ನುವವರಾದರೆ ಸಲಾಮಿ ಅಥವಾ ಕೊಚ್ಚಿದ ಮಾಂಸದ ಸಾಸ್ ಹಾಕಿದ ಪಾಸ್ತಾ ಸಾಕು. ಸಸ್ಯಾಹಾರಿಗಳಾದರೆ ಬೆಣ್ಣೆಯಲ್ಲಿ ಹುರಿದ ಅಣಬೆ, ಚೀಸ್ ಕರಗಿಸಿದ ಪೊಲೆಂತಾ (ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಗಂಜಿ), ಟೊಮೆಟೊ ಸಾಸಿನ ಪಾಸ್ತಾ, ಪಿಜ್ಜಾ ಕೂಡ ಆಗುತ್ತದೆ. ಟೊಮೆಟೊ ಹುಳಿಯ ಮುಂದೆ ಎಷ್ಟೋ ವೈನ್‌ಗಳು ಸಪ್ಪೆಯಾಗುತ್ತವೆ, ಇದು ಆಗುವುದಿಲ್ಲ. ಖಾರದ ಅಡುಗೆ ಮಾತ್ರ ಬೇಡ. ಇದರಲ್ಲಿ ಆಲ್ಕೋಹಾಲ್ ಶೇ 14ರ ಆಸುಪಾಸು ಇರುತ್ತದೆ, ಖಾರದ ಜೊತೆ ಸೇರಿ ಗಂಟಲು ಉರಿಯುತ್ತದೆ. ನಾನು ಕೋಳಿ ಸುಕ್ಕ ಜೊತೆ ಕುಡಿದು ನೋಡಿಯೇ ಹೇಳುತ್ತಿದ್ದೇನೆ.

ಇನ್ನೊಂದು ವಿಷಯ. ಬಾರ್ಬೆರಾ ಮೊದಲು ದಿನಬಳಕೆಯ ಅಗ್ಗದ ವೈನ್ ಆಗಿತ್ತು. 1980ರ ದಶಕದಲ್ಲಿ ಆಸ್ತಿ ಬಳಿಯ ರೊಕ್ಕೆತ್ತಾ ತನಾರೋ ಊರಿನ ಜಾಕೊಮೊ ಬೊಲೋನ್ಯಾ ಎಂಬ ವೈನ್ ತಯಾರಕರು ಅದನ್ನು ಸಣ್ಣ ಓಕ್ ಪೀಪಾಯಿಗಳಲ್ಲಿಟ್ಟು ಮಾಗಿಸಿದ ಮೇಲೆ ಅದರ ಮರ್ಯಾದೆ ಏರಿತು. ಹಾಗಾಗಿ ಲೇಬಲ್ ನೋಡಿ. 'ಸುಪೆರಿಯೊರೆ' ಅಂತ ಇದ್ದರೆ ಕನಿಷ್ಠ ಆರು ತಿಂಗಳು ಮರದಲ್ಲಿ ಕಳೆದಿರುತ್ತದೆ, ಹುಳಿಯ ಮೊನೆ ಸ್ವಲ್ಪ ಮೊಂಡಾಗಿರುತ್ತದೆ. ನಿಮ್ಮದರ ಮೇಲೆ ಅದಿಲ್ಲ ಅಂದಿದ್ದೀರಿ, ಅಂದರೆ ಸಾದಾ ಬಗೆ. ನನಗೆ ಇಷ್ಟ ಆಗುವುದೂ ಅದೇ.

ರೂಮಿನ ಬಿಸಿಗೆ ಇಟ್ಟು ಕುಡಿಯಬೇಡಿ, 16 ಡಿಗ್ರಿಯ ಹತ್ತಿರ ಇರಲಿ. ಉಳಿದದ್ದಕ್ಕೆ ಕಾರ್ಕ್ ಹಾಕಿ ಈಗಲೇ ಫ್ರಿಜ್‌ಗೆ ಹಾಕಿ, ಎರಡು ಮೂರು ದಿನ ತಡೆಯುತ್ತದೆ. ನಾಳೆ ಅಣಬೆ ಹುರಿಯಲು ಶುರು ಮಾಡುವ ಒಂದು ಗಂಟೆ ಮೊದಲೇ ಹೊರಗೆ ತೆಗೆದರೆ ಊಟದ ಹೊತ್ತಿಗೆ ಸರಿಯಾಗಿರುತ್ತದೆ. ಬೆಣ್ಣೆ ಹಾಕುವಾಗ ಕೈ ಹಿಡಿಯಬೇಡಿ.