ನಾಲ್ಕನೇ ವರ್ಷ ಲ್ಯಾಪ್‌ಟಾಪ್ ರಿಪೇರಿ ಮಾಡುವವರು ಯಾರು?

ಪ್ರಶ್ನೆ: ನಾವು ಅಮೆರಿಕದಲ್ಲಿದ್ದೇವೆ. ಮಗಳು ಪಬ್ಲಿಕ್ ಸ್ಕೂಲಿನಲ್ಲಿ, ಅಂದರೆ ಇಲ್ಲಿನ ಸರ್ಕಾರಿ ಶಾಲೆಯಲ್ಲಿ, ಆರನೇ ತರಗತಿ. ನಾನು ಸಾಫ್ಟ್‌ವೇರ್ ಕೆಲಸದವನು ಅಂತ ನಮ್ಮ ಶಾಲಾ ಜಿಲ್ಲೆಯವರು (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತ) ತಂತ್ರಜ್ಞಾನ ಯೋಜನಾ ಸಮಿತಿಗೆ ಪೋಷಕರ ಪರವಾಗಿ ಸೇರಿಸಿಕೊಂಡಿದ್ದಾರೆ. ಏಳು ಶಾಲೆ, ಸುಮಾರು 4,000 ಮಕ್ಕಳು. ಕೊರೊನಾ ಕಾಲದಲ್ಲಿ ಕೊಂಡ ಕ್ರೋಮ್‌ಬುಕ್‌ಗಳು (ಗೂಗಲ್ ವ್ಯವಸ್ಥೆಯಲ್ಲಿ ಓಡುವ ಲ್ಯಾಪ್‌ಟಾಪ್‌ಗಳು) ಒಂದೊಂದಾಗಿ ಕೈಕೊಡುತ್ತಿವೆ. ಮುಂದಿನ ಐದು ವರ್ಷದ ಯೋಜನೆ ಬರೆಯಬೇಕು. ಮೊದಲ ಸಭೆಯೆಲ್ಲ ಯಾವ ಕಂಪನಿಯ ಲ್ಯಾಪ್‌ಟಾಪ್ ಅನ್ನುವುದರಲ್ಲೇ ಮುಗಿಯಿತು. ಎಲ್ಲಿಂದ ಶುರು ಮಾಡಲಿ?

ಉತ್ತರ: ಮುಂದಿನ ಸಭೆಗೆ ಮೊದಲು ಒಂದು ದಿನ ರಜೆ ಹಾಕಿ, ಯಾವುದಾದರೂ ಒಂದು ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಬನ್ನಿ. ನಾನು ಹೀಗೆ ಕೂತಿದ್ದ ಒಂದು ಶಾಲೆಯಲ್ಲಿ ಚಾರ್ಜಿಂಗ್ ಗಾಡಿಯಲ್ಲಿ 30 ಯಂತ್ರಗಳಿದ್ದವು. ಬಟನ್ ಒತ್ತಿದಾಗ ಹೊತ್ತಿಕೊಂಡದ್ದು 22. ಒಂದರ ಪರದೆಗೆ ಟೇಪ್ ಹಚ್ಚಿತ್ತು, ಇನ್ನೊಂದರ ಕೀಲಿಮಣೆಯಲ್ಲಿ ಎರಡು ಗುಂಡಿ ಮಾಯ. ಟೀಚರ್ ಮೇಜಿನ ಡ್ರಾಯರ್‌ನಿಂದ ತಮ್ಮ ಸ್ವಂತ ಎಕ್ಸ್‌ಟೆನ್ಷನ್ ಬಾಕ್ಸ್ ತೆಗೆದು ಗೋಡೆಗೆ ಸಿಕ್ಕಿಸಿದರು. ಅದು ಅವರ ದಿನಚರಿ. ಎಲ್ಲರೂ ಲಾಗಿನ್ ಆಗುವಷ್ಟರಲ್ಲಿ 45 ನಿಮಿಷದ ಪಿರಿಯಡ್‌ನಲ್ಲಿ 11 ನಿಮಿಷ ಹೋಗಿತ್ತು. ಜಿಲ್ಲಾ ಕಚೇರಿಯ ಕಾಗದದಲ್ಲಿ ಮಾತ್ರ ಆ ತರಗತಿಗೆ ‘ಮಗುವಿಗೊಂದು ಯಂತ್ರ’ ತಲುಪಿಯಾಗಿತ್ತು. ಎಕ್ಸೆಲ್ ಹಾಳೆಯಲ್ಲಿ ಈ 11 ನಿಮಿಷ ಎಲ್ಲೂ ಕಾಣುವುದಿಲ್ಲ.

ಇನ್ನು ಹಣ. ನಿಮ್ಮ ಈಗಿನ ಯಂತ್ರಗಳು ಬಹುಶಃ ಕೋವಿಡ್ ಪರಿಹಾರದ ಫೆಡರಲ್ ದುಡ್ಡಿನಲ್ಲಿ ಬಂದವು. 2020-21ರಲ್ಲಿ ಮೂರು ಕಂತುಗಳಲ್ಲಿ ದೇಶದ ಶಾಲೆಗಳಿಗೆ ಒಟ್ಟು ಸುಮಾರು 19,000 ಕೋಟಿ ಡಾಲರ್ ಹರಿದುಬಂತು. ಕೊನೆಯ ಕಂತನ್ನು ಖರ್ಚಿಗೆ ಗೊತ್ತುಪಡಿಸುವ ಗಡುವು 2024ರ ಸೆಪ್ಟೆಂಬರ್ 30ಕ್ಕೆ ಮುಗಿಯಿತು. ಆ ಮಳೆ ಇನ್ನು ಬರುವುದಿಲ್ಲ ಅಂದುಕೊಂಡೇ ಲೆಕ್ಕ ಹಾಕಿ. ಯಂತ್ರದ ಆಯುಸ್ಸು 5 ವರ್ಷ ಅಂತಿಟ್ಟುಕೊಂಡರೆ 4,000ಕ್ಕೆ ವರ್ಷಕ್ಕೆ 800 ಹೊಸದು ಬೇಕು. ಎಲ್ಲವನ್ನೂ ಒಂದೇ ವರ್ಷ ಕೊಂಡರೆ ಎಲ್ಲವೂ ಒಂದೇ ವರ್ಷ ಸಾಯುತ್ತವೆ. ನೀವೀಗ ಸಿಕ್ಕಿಕೊಂಡಿರುವುದು ಇದರಲ್ಲೇ. ವರ್ಷಕ್ಕೆ 800ರ ಮೊತ್ತ ಜಿಲ್ಲೆಯ ಮಾಮೂಲಿ ಬಜೆಟ್ಟಿನಲ್ಲಿ ಕೂರದಿದ್ದರೆ, ಚಿಕ್ಕ ತರಗತಿಗಳಿಗೆ ಮಗುವಿಗೊಂದು ಬೇಡ, ಕೆಲವು ಕೋಣೆಗಳಿಗೆ ಸೇರಿ ಒಂದು ಗಾಡಿ ಸಾಕು ಎಂದು ಹೇಳುವ ಧೈರ್ಯ ಸಮಿತಿಗೆ ಇರಬೇಕು. ನನ್ನನ್ನು ಕೇಳಿದರೆ ಎರಡನೇ ತರಗತಿಯ ಮಗುವಿಗೆ ಅಷ್ಟೂ ಬೇಡ.

ಕ್ರೋಮ್‌ಬುಕ್ಕೇ ಆಗಲಿ ಎಂದಾದರೆ ಒಂದು ಎಚ್ಚರ. ಅದಕ್ಕೆ ಅಪ್‌ಡೇಟ್ ನಿಲ್ಲುವ ದಿನಾಂಕ ಮೊದಲೇ ನಿಗದಿಯಾಗಿರುತ್ತದೆ, ಅದನ್ನು ಎಣಿಸುವುದು ನೀವು ಕೊಂಡ ದಿನದಿಂದಲ್ಲ, ಆ ಮಾದರಿಯ ಪ್ಲಾಟ್‌ಫಾರ್ಮ್ (ಒಳಗಿನ ಹಾರ್ಡ್‌ವೇರ್ ವಿನ್ಯಾಸ) ಬಿಡುಗಡೆಯಾದ ದಿನದಿಂದ. 2023ರಲ್ಲಿ ಗೂಗಲ್ ಇದನ್ನು 10 ವರ್ಷಕ್ಕೆ ಹೆಚ್ಚಿಸಿದೆ ನಿಜ, ಆದರೆ ಭಾರಿ ರಿಯಾಯಿತಿಯಲ್ಲಿ ಬರುವ ಹಳೆಯ ಸ್ಟಾಕು ಆಯುಸ್ಸಿನ ಅರ್ಧ ಕಳೆದುಕೊಂಡೇ ಬಂದಿರಬಹುದು. ಮಾರುವವರು ಕೊಡುವ ಪ್ರತಿ ಬಿಡ್‌ನಲ್ಲೂ ಈ ದಿನಾಂಕ ಬರೆಸಿಕೊಳ್ಳಿ. ಬೆಲೆಯ ಪಕ್ಕದಲ್ಲೇ ಬಿಡಿಭಾಗ, ರಿಪೇರಿಯವರ ಸಂಬಳ, ರಿಪೇರಿ ಆಗುವವರೆಗೆ ಮಗುವಿನ ಕೈಗೆ ಕೊಡಲು ಬದಲಿ ಯಂತ್ರ, ಇಷ್ಟನ್ನೂ ಸೇರಿಸಿ. ಕೊಳ್ಳುವಾಗ ಫೋಟೋಗೆ ಎಲ್ಲರೂ ಬರುತ್ತಾರೆ, ನಾಲ್ಕನೇ ವರ್ಷ ಸ್ಕ್ರೂಡ್ರೈವರ್ ಹಿಡಿದು ಕೂರುವವನ ಹುದ್ದೆಗೆ ಬಜೆಟ್ ಕೇಳಿದರೆ ಯಾರೂ ಇರುವುದಿಲ್ಲ.

ಇಂಟರ್ನೆಟ್ ಮತ್ತು ಶಾಲೆಯೊಳಗಿನ ವೈಫೈಗೆ ಇ-ರೇಟ್ ಇದೆ. 1996ರ ಟೆಲಿಕಾಂ ಕಾಯ್ದೆಯಿಂದ ಹುಟ್ಟಿದ, ಶಾಲೆಗಳ ಇಂಟರ್ನೆಟ್ ಬಿಲ್ಲಿಗೆ ರಿಯಾಯಿತಿ ಕೊಡುವ ಫೆಡರಲ್ ಯೋಜನೆ. ಜಿಲ್ಲೆಯ ಎಷ್ಟು ಮಕ್ಕಳು ಉಚಿತ ಅಥವಾ ರಿಯಾಯಿತಿ ಊಟಕ್ಕೆ ಅರ್ಹರು, ಶಾಲೆ ಹಳ್ಳಿಗಾಡಿನದೋ ಪೇಟೆಯದೋ ಎಂಬುದರ ಮೇಲೆ ಶೇ 20ರಿಂದ 90ರವರೆಗೆ ರಿಯಾಯಿತಿ. ಒಳಗಿನ ವೈಫೈಗೆ ಗರಿಷ್ಠ ಶೇ 85. ಮಕ್ಕಳ ಲ್ಯಾಪ್‌ಟಾಪಿಗೆ ಇದರಿಂದ ಬಿಡಿಗಾಸೂ ಬಾರದು. ಫಾರಂ 470 (ಬಿಡ್ ಕರೆಯುವ ಇ-ರೇಟ್ ಅರ್ಜಿ) ಹಾಕಿದ ಮೇಲೆ ಕನಿಷ್ಠ 28 ದಿನ ಬಿಡ್‌ಗಳಿಗೆ ಕಾಯಬೇಕು, ಅಂಕ ಹಾಕುವಾಗ ಬೆಲೆಗೇ ಹೆಚ್ಚು ತೂಕ ಕೊಡಬೇಕು. ಅಮೆರಿಕದ ಟೆಲಿಕಾಂ ನಿಯಂತ್ರಕ ಎಫ್‌ಸಿಸಿ 2014ರಲ್ಲಿ ಇಟ್ಟುಕೊಂಡ ದೀರ್ಘಾವಧಿ ಗುರಿ 1,000 ಬಳಕೆದಾರರಿಗೆ 1 ಗಿಗಾಬಿಟ್ ವೇಗ, ಅಂದರೆ ನಿಮಗೆ ಮಕ್ಕಳ ಲೆಕ್ಕಕ್ಕೇ 4 ಗಿಗಾಬಿಟ್. ಅದಿಲ್ಲದೆ ಯಾವ ಲ್ಯಾಪ್‌ಟಾಪ್ ಎಂಬ ಚರ್ಚೆ ರಸ್ತೆಯಿಲ್ಲದ ಊರಿನಲ್ಲಿ ಕಾರಿನ ಬಣ್ಣದ ಚರ್ಚೆ. ಅಂದಹಾಗೆ, ಮೊದಲೆಲ್ಲ ಇ-ರೇಟ್ ಬೇಕಿದ್ದರೆ ಮಂಜೂರಾದ ತಂತ್ರಜ್ಞಾನ ಯೋಜನೆ ತೋರಿಸಬೇಕಿತ್ತು, 2014ರ ಸುಧಾರಣೆಯಲ್ಲಿ ಆ ಷರತ್ತು ಹೋಯಿತು. ಇ-ರೇಟಿನವರನ್ನು ಮೆಚ್ಚಿಸುವ ಕಾಗದ ಬರೆಯುವ ತಲೆನೋವು ನಿಮಗಿಲ್ಲ, ನಿಮಗೆ ಬೇಕಾದಷ್ಟು ಸಣ್ಣದಾಗಿ ಬರೆಯಬಹುದು.

ಯೋಜನೆ ಜಾರಿಮಾಡುವ ಆತುರದ ಬಗ್ಗೆಯೂ ಒಂದು ಮಾತು. ಲಾಸ್ ಏಂಜಲೀಸ್ ಶಾಲಾ ಜಿಲ್ಲೆ 2013ರಲ್ಲಿ 130 ಕೋಟಿ ಡಾಲರ್ ಅಂದಾಜಿನ ಐಪ್ಯಾಡ್ ಯೋಜನೆಗೆ ಕೈಹಾಕಿತು. ಒಳಗಿದ್ದ ಪಾಠಗಳೇ ಇನ್ನೂ ಪೂರ್ತಿ ತಯಾರಾಗಿರಲಿಲ್ಲ. ಕೈಗೆ ಸಿಕ್ಕ ಕೆಲವೇ ದಿನಗಳಲ್ಲಿ ಮಕ್ಕಳು ಜಿಲ್ಲೆಯ ಸೆಟ್ಟಿಂಗ್ ಕಿತ್ತುಹಾಕಿ ಬೇಕಾದ ಸೈಟು ತೆರೆದರು. 2014ರಲ್ಲಿ ಜಿಲ್ಲೆ ಆ ಗುತ್ತಿಗೆಯಡಿ ಖರೀದಿ ನಿಲ್ಲಿಸಿತು. ಮೇಯ್ನ್ ರಾಜ್ಯ 2002ರಲ್ಲಿ ಲ್ಯಾಪ್‌ಟಾಪ್ ಕೊಟ್ಟದ್ದು ಏಳನೇ ತರಗತಿಯವರಿಗೆ ಮಾತ್ರ, ಎಂಟನೆಯವರಿಗೆ ಮರುವರ್ಷ. ನೀವೂ ಒಂದು ತರಗತಿ, ಎರಡು ಶಾಲೆ, ಒಂದು ವರ್ಷ ನೋಡಿ. ಟೀಚರ್‌ಗಳಿಗೆ ಒಂದು ಸೆಮಿಸ್ಟರ್ ಮೊದಲೇ ಕೊಡಿ, ಆಗಸ್ಟಿನ ಒಂದು ಮಧ್ಯಾಹ್ನದ ತರಬೇತಿ ಲೆಕ್ಕಕ್ಕಿಲ್ಲ.

ಪ್ರಶ್ನೆ: ನಾನು ಶಾಲೆಯೊಂದರ ಟೀಚರ್. ನಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಉಚಿತ ಆ್ಯಪ್ ಬಳಸುತ್ತೇವೆ. ಯೋಜನೆಯಲ್ಲಿ ಇದನ್ನೂ ಬರೆಯಬೇಕೆ?

ಉತ್ತರ: ಬರೆಯಲೇಬೇಕು, ಅದೂ ಮೊದಲ ಪುಟಗಳಲ್ಲಿ. ಮಕ್ಕಳ ಶಾಲಾ ದಾಖಲೆಗೆ 1974ರ ಫೆರ್ಪಾ ಕಾಯ್ದೆ, 13 ವರ್ಷದೊಳಗಿನವರಿಂದ ಆನ್‌ಲೈನಿನಲ್ಲಿ ಮಾಹಿತಿ ಪಡೆಯುವುದಕ್ಕೆ 1998ರ ಕೊಪ್ಪಾ ಅನ್ವಯಿಸುತ್ತವೆ. ಉಚಿತ ಆ್ಯಪಿಗೆ ನೀವು ‘ಒಪ್ಪಿಗೆ’ ಒತ್ತಿದಾಗ ಜಿಲ್ಲೆಯ ಪರವಾಗಿ ಕರಾರು ಮಾಡಿಕೊಂಡಂತೆ. ನನ್ನ ಚಿಂತೆ ಹೆಚ್ಚು ಹಳೆಯ ಮಾಹಿತಿಯದು. 2024ರ ಡಿಸೆಂಬರಿನಲ್ಲಿ ಪವರ್‌ಸ್ಕೂಲ್ ಎಂಬ ವಿದ್ಯಾರ್ಥಿ ದಾಖಲೆ ವ್ಯವಸ್ಥೆಗೆ ಕನ್ನ ಬಿತ್ತು. ಗಡಿಯಾಚೆಯ ಟೊರಾಂಟೊದಲ್ಲಿ 1985ರಷ್ಟು ಹಿಂದೆ ಓದಿದವರ ವಿವರವೂ ಅದರಲ್ಲಿ ಸೇರಿತ್ತು. ಶಾಲೆ ಬಿಟ್ಟು ನಲವತ್ತು ವರ್ಷ ಆಗುತ್ತಾ ಬಂದವರ ವಿವರ ಸರ್ವರಿನಲ್ಲಿ ಯಾಕಿರಬೇಕು? ಪ್ರತಿ ಕರಾರಿನಲ್ಲೂ ಅಳಿಸುವ ದಿನಾಂಕ ಹಾಕಿಸಿ. ನಿಮ್ಮ ಮಟ್ಟಿಗೆ ಈ ವಾರವೇ ಮಾಡಬಹುದಾದ್ದು: ಎಲ್ಲ ಟೀಚರ್‌ಗಳೂ ತಾವು ಬಳಸುವ ಆ್ಯಪ್‌ಗಳ ಹೆಸರನ್ನು ಒಂದು ಹಾಳೆಯಲ್ಲಿ ಬರೆಯಲಿ. ಒಂದೇ ಕೆಲಸಕ್ಕೆ ಐದೈದು ಆ್ಯಪ್ ಸಿಕ್ಕರೆ ಆಶ್ಚರ್ಯಪಡಬೇಡಿ, ನಾಲ್ಕನ್ನು ಮುಚ್ಚಿ, ಅವುಗಳಲ್ಲಿರುವ ಮಕ್ಕಳ ಖಾತೆಗಳನ್ನು ಅಳಿಸಲು ಆಯಾ ಕಂಪನಿಗೆ ಬರೆಯಿರಿ.